ಉರಿ ಕೈಯಲ್ಲಿ, ಸುರುಳಿ ತಲೆಯ ಮೇಲೆ

ಪಾರ್ಶ್ವವಾಯುವಾಗಿ ನಾಲ್ಕು ತಿಂಗಳು ಕಳೆದು, ಕೈಕಾಲು ಸ್ವಲ್ಪ ಸ್ವಾಧೀನಕ್ಕೆ ಬರುತ್ತಿದೆ ಎನ್ನುವಷ್ಟರಲ್ಲಿ ಅಣ್ಣನ ಎಡಗೈ ಉರಿಯತೊಡಗಿತು. ಹೊದಿಕೆಯ ಅಂಚು ತಗುಲಿದರೂ ಕೆಂಡ ಸೋಕಿದವನಂತೆ ಕೈ ಎಳೆದುಕೊಳ್ಳುತ್ತಿದ್ದ. ಕೈಯಲ್ಲಿ ಗಾಯವಾಗಲಿ ಬಾವಾಗಲಿ ಇರಲಿಲ್ಲ. ಕೆಟ್ಟಿದ್ದುದು ಸ್ಪರ್ಶ ಮತ್ತು ಶಾಖದ ಸುದ್ದಿಯನ್ನು ಒಯ್ಯುವ ಮೆದುಳಿನ ದಾರಿ. ಆ ದಾರಿಯ ಮುಖ್ಯ ಠಾಣೆಯಾದ ಥಾಲಮಸ್‌ಗೆ ಪೆಟ್ಟಾದವರಲ್ಲಿ ಕಾಣುವ ಇಂತಹ ನೋವನ್ನು ಫ್ರಾನ್ಸಿನ ನರವೈದ್ಯರಾದ ಡೆಜೆರಿನ್ ಮತ್ತು ರೂಸಿ 1906ರಲ್ಲೇ ವಿವರಿಸಿದ್ದರು. ಅಮಿಟ್ರಿಪ್ಟಿಲಿನ್, ಪ್ರಿಗಾಬಲಿನ್ ಮುಂತಾದ ಮಾತ್ರೆಗಳಿಂದ ಅಣ್ಣನಿಗೆ ನೋವಿಗಿಂತ ಹೆಚ್ಚಾಗಿ ಎಚ್ಚರವೇ ಕಡಿಮೆಯಾಯಿತು.

ವೈದ್ಯರು ಕಾಂತೀಯ ಚಿಕಿತ್ಸೆಯ ಮಾತೆತ್ತಿದಾಗ, ಮಣಿಕಟ್ಟಿಗೆ ಕಟ್ಟುವ ಅಯಸ್ಕಾಂತದ ಪಟ್ಟಿಗಳು ನೆನಪಾಗಿ ನಾನು ಮೂಗು ಮುರಿದೆ. ಇದು ಆ ಜಾತಿಯದಲ್ಲ. ಪಟ್ಟಿಯ ಅಯಸ್ಕಾಂತ ಸುಮ್ಮನಿರುತ್ತದೆ. ಇಲ್ಲಿ ತಲೆಗೆ ತಾಗಿಸಿ ಹಿಡಿದ ತಂತಿಯ ಸುರುಳಿಯಲ್ಲಿ ವಿದ್ಯುತ್ತು ಕ್ಷಣಮಾತ್ರ ಹರಿದು ನಿಲ್ಲುವುದರಿಂದ ಕಾಂತಕ್ಷೇತ್ರ ಥಟ್ಟನೆ ಏರಿ ಇಳಿಯುತ್ತದೆ, ಆ ಏರಿಳಿತವು ತಲೆಬುರುಡೆಯನ್ನು ದಾಟಿ ನರಕೋಶಗಳಲ್ಲಿ ಕಿರುಪ್ರವಾಹವನ್ನು ಹುಟ್ಟಿಸುತ್ತದೆ. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ಈ ರೀತಿಯಲ್ಲೇ ಮೆದುಳನ್ನು ಪ್ರಚೋದಿಸಿ ಕೈಯ ಸ್ನಾಯುಗಳನ್ನು ಅಲುಗಿಸಿ ತೋರಿಸಿದರು.

ನನಗೆ ಬಹಳ ವಿಚಿತ್ರವೆನಿಸಿದ್ದು ಸುರುಳಿಯನ್ನು ಇಡುವ ಜಾಗ. ನೋವಿಗೆ ಚಿಕಿತ್ಸೆಯಾದರೂ ಪ್ರಚೋದಿಸುವುದು ಚಲನೆಯನ್ನು ಆಳುವ ಮೋಟಾರ್ ಕಾರ್ಟೆಕ್ಸನ್ನು. ಎಡಗೈ ಉರಿಯುತ್ತಿದ್ದರೆ ಮೆದುಳಿನ ಬಲಭಾಗವನ್ನು, ಸಾಮಾನ್ಯವಾಗಿ ಸೆಕೆಂಡಿಗೆ 10 ಮಿಡಿತಗಳಂತೆ. ಜಪಾನಿನ ನರಶಸ್ತ್ರಚಿಕಿತ್ಸಕ ತ್ಸುಬೊಕಾವಾ ಮತ್ತು ಸಹೋದ್ಯೋಗಿಗಳು 1991ರಲ್ಲಿ ಅದೇ ಭಾಗದ ಮೇಲೆ ಎಲೆಕ್ಟ್ರೋಡುಗಳನ್ನು ಅಳವಡಿಸಿ ಥಾಲಮಸ್ಸಿನ ನೋವು ತಗ್ಗುವುದನ್ನು ವರದಿ ಮಾಡಿದ್ದರು. ಅಲ್ಲಿಂದ ಹೊರಟ ಪ್ರಚೋದನೆ ನೋವಿನ ಜಾಲದ ದೂರದ ಭಾಗಗಳನ್ನೂ ಮುಟ್ಟುತ್ತದೆ. ಓಪಿಯಾಯ್ಡ್‌ಗಳ, ಅಂದರೆ ಮಾರ್ಫಿನ್‌ನಂಥ ನೋವುನಿವಾರಕಗಳ, ಕೆಲಸವನ್ನು ತಡೆಯುವ ನಲಾಕ್ಸೋನ್ ಔಷಧ ಕೊಟ್ಟಾಗ ಕಾಂತೀಯ ಚಿಕಿತ್ಸೆಯ ಪರಿಣಾಮ ಕುಗ್ಗಿದ್ದರಿಂದ, ದೇಹದ ಸ್ವಂತ ನೋವುನಿವಾರಕಗಳಿಗೂ ಇದರಲ್ಲಿ ಪಾಲಿದೆ ಎಂದು ಭಾವಿಸಲಾಗಿದೆ.

ಇದನ್ನು ಗುಣಪಡಿಸುವ ಚಿಕಿತ್ಸೆ ಎಂದು ಕರೆಯುವುದನ್ನು ನಾನು ಒಪ್ಪುವುದಿಲ್ಲ. ನರಸಂಬಂಧಿ ನೋವಿಗೆ ಇದು ಪರಿಣಾಮಕಾರಿ ಎಂದು ಯುರೋಪಿನ ತಜ್ಞರ 2014ರ ಮಾರ್ಗಸೂಚಿ ಒಪ್ಪಿಕೊಂಡಿದೆ, ನಿಜ. ಆದರೆ ದೊರೆಯುವ ಉಪಶಮನ ಹಲವರಲ್ಲಿ ಅಲ್ಪ, ಕೆಲವರಲ್ಲಿ ಶೂನ್ಯ, ಚಿಕಿತ್ಸೆ ನಿಂತ ಮೇಲೆ ಕ್ರಮೇಣ ಕರಗುವಂಥದು. ನಿಜವಾದ ಸುರುಳಿಯಂತೆಯೇ ಟಕಟಕ ಸದ್ದು ಮಾಡಿದರೂ ಮೆದುಳನ್ನು ಪ್ರಚೋದಿಸದ ಹುಸಿ ಸುರುಳಿಯಿಂದಲೂ ಕೆಲವರಿಗೆ ಹಾಯೆನಿಸುವುದರಿಂದ ಅದರೊಡನೆ ಹೋಲಿಸದ ಅಧ್ಯಯನವನ್ನು ನಂಬುವಂತಿಲ್ಲ. ತಲೆಯೊಳಗೆ ಲೋಹದ ಕ್ಲಿಪ್ ಅಥವಾ ಕಿವುಡಿಗೆ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟ್ ಇದ್ದವರು, ಮೂರ್ಛೆರೋಗದವರು ಮೊದಲೇ ತಿಳಿಸಬೇಕು. ಅಪರೂಪವಾದರೂ ಸೆಳವಿನ ಅಪಾಯವಿದೆ.

ಮೊದಲ ಹತ್ತು ಸರದಿ ಮುಗಿದ ಮೇಲೆ ಬಂದ ನೆಮ್ಮದಿ ಅಣ್ಣನಿಗೆ ತಿಂಗಳೊಳಗೆ ಮಾಸಿತು. ಈಗ ಮೂರು ವಾರಕ್ಕೊಮ್ಮೆ ಹೋಗಿಬರುತ್ತಾನೆ. ಹೊದಿಕೆ ಇನ್ನೂ ಚುಚ್ಚುತ್ತದೆಯಂತೆ. ತುಂಬುತೋಳಿನ ಅಂಗಿಯನ್ನು ಮಾತ್ರ ಮತ್ತೆ ಹಾಕಿಕೊಳ್ಳುತ್ತಿದ್ದಾನೆ.