ಮಂಜುನಾಥ ಅಂದ್ರೆ ಯಾವ ಮಂಜುನಾಥ?

2023ರ ಮೇ 10, ಬುಧವಾರ. ವಿಧಾನಸಭೆ ಚುನಾವಣೆ. ತಿಂಡಿ ಮುಗಿಸಿ ನಮ್ಮೂರ ಶಾಲೆಯ ಮತಗಟ್ಟೆಗೆ ಹೋದೆ. ಅರ್ಧ ಗಂಟೆ ಸಾಲು. ಒಳಗೆ ಮೊದಲನೇ ಟೇಬಲ್ಲಿನವರು ನನ್ನ ಚೀಟಿ ಹಿಡಿದು ಜೋರಾಗಿ ಓದಿದರು. "ಮಂಜುನಾಥ, ತಂದೆ ನಂಜಪ್ಪ." ಆಮೇಲೆ ಪಟ್ಟಿ ನೋಡಿದರು, ನನ್ನ ಮುಖ ನೋಡಿದರು. "ನಿಮ್ಮದು ಆಗ್ಲೇ ಆಗಿದೆಯಲ್ರೀ!"

ನನ್ನ ಹೆಸರಿನ ಕೆಳಗೆ ಗೆರೆ ಬಿದ್ದಿತ್ತು. ಎಡಗೈ ತೋರುಬೆರಳು ಎತ್ತಿ ತೋರಿಸಿದೆ. ಶಾಯಿ ಎಲ್ಲಿದೆ?

ಸಿಟ್ಟು ಬಂತು ಅನ್ನೋದಕ್ಕಿಂತ, ಮತ್ತೆ ಶುರುವಾಯ್ತಲ್ಲಪ್ಪ ಅನ್ನಿಸಿತು. ಈ ಹೆಸರಿನ ಕಥೆಯೇ ಹೀಗೆ. ನಾನು ಹುಟ್ಟುವ ಮೊದಲು ಅಮ್ಮ ಧರ್ಮಸ್ಥಳಕ್ಕೆ ಹರಕೆ ಹೊತ್ತಿದ್ದಳು. ಊರಿನ ಎಷ್ಟೋ ತಾಯಂದಿರು ಅದೇ ಹರಕೆ ಹೊತ್ತಿದ್ದರು ಅಂತ ಕಾಣುತ್ತೆ. ಏಳನೇ ಕ್ಲಾಸಿನಲ್ಲಿ ನಾವು ನಾಲ್ಕು ಜನ ಮಂಜುನಾಥರು. ಉದ್ದ ಮಂಜ, ಗುಂಡ ಮಂಜ, ಅಂಗಡಿ ಮಂಜ. ನನ್ನಲ್ಲಿ ಗುರುತು ಹಿಡಿಯುವಂಥದ್ದು ಏನೂ ಇರಲಿಲ್ಲ. ಉದ್ದವೂ ಅಲ್ಲ, ಗುಂಡಗೂ ಇಲ್ಲ, ಅಪ್ಪನಿಗೆ ಅಂಗಡಿಯೂ ಇಲ್ಲ. ಹಾಗಾಗಿ ನಾನು 'ಇನ್ನೊಬ್ಬ ಮಂಜ'. ಮೇಷ್ಟ್ರು ಕೂಡ ಹಾಗೇ ಕರೆಯುತ್ತಿದ್ದರು.

ಕಾಲೇಜಿಗೆ ಬಂದಾಗ ಹೆಸರು ಬದಲಾಯಿಸಿಕೊಳ್ಳುತ್ತೇನೆ ಅಂತ ಹಠ ಹಿಡಿದಿದ್ದೆ. ಅಫಿಡವಿಟ್ಟಿಗೆ ಎಷ್ಟಾಗುತ್ತೆ ಅಂತ ವಿಚಾರಿಸಿಯೂ ಬಂದಿದ್ದೆ. ಅಪ್ಪ ಬೀಡಿ ಕಚ್ಚಿಕೊಂಡೇ ಹೇಳಿದ್ದು ಇಷ್ಟೇ: "ಇರ್ಲಿ ಬಿಡೋ. ಕೂಗಿದ್ರೆ ಯಾರೋ ಒಬ್ಬ ತಿರುಗ್ತಾನಲ್ಲ, ಸಾಕು."

ಮತಗಟ್ಟೆಯ ದೊಡ್ಡ ಅಧಿಕಾರಿ ಬಂದರು. ನಿಮ್ಮ ಹೆಸರಲ್ಲಿ ಬೇರೆಯವರು ಹಾಕಿದ್ದರೆ ಕಾಗದದ ಮತಪತ್ರ ಕೊಡಬಹುದು, ಯಂತ್ರದಲ್ಲಿ ಆಗಲ್ಲ ಅಂದರು. ಅದನ್ನು ಬೇರೆ ಲಕೋಟೆಯಲ್ಲಿ ಇಡುತ್ತಾರಂತೆ, ಮಾಮೂಲಿ ಎಣಿಕೆಗೆ ಬರೋದಿಲ್ಲವಂತೆ. ನನಗೆ ಹೊಟ್ಟೆಯಲ್ಲಿ ಏನೋ ಆಯಿತು. ಕೋಟಿಗಟ್ಟಲೆ ವೋಟಿನಲ್ಲಿ ನನ್ನದೊಂದು ಬಿದ್ದರೆಷ್ಟು, ಬಿಟ್ಟರೆಷ್ಟು ಅಂತ ನಾನೇ ಎಷ್ಟು ಸಲ ಹೇಳಿಲ್ಲ? ಈಗ ನೋಡಿದರೆ, ಅದು ಎಲ್ಲರ ವೋಟಿನ ಜೊತೆಗೇ ಸೇರಬೇಕು, ಬೇರೆ ಲಕೋಟೆ ಬೇಡ ಅಂತ ಜೀವ ಹೊಡೆದುಕೊಳ್ಳುತ್ತಿತ್ತು. ಗುಂಪಿನಿಂದ ಎದ್ದು ಕಾಣಬೇಕು ಅಂತ ಕಾಲೇಜಿನಲ್ಲಿ ಒದ್ದಾಡಿದವನು ನಾನೇ, ಅಲ್ವಾ!

ಅಷ್ಟರಲ್ಲಿ ಮೂಲೆಯಲ್ಲಿ ಕೂತಿದ್ದ ಏಜೆಂಟ್ ಒಬ್ಬರು, "ಸಾರ್, ಮೇಲಿನ ಬೀದಿಯಲ್ಲೂ ಒಬ್ಬರು ಮಂಜುನಾಥ ಇದ್ದಾರೆ. ಅವರಪ್ಪನೂ ನಂಜಪ್ಪನೇ. ಏಳು ಗಂಟೆಗೇ ಬಂದು ಹೋದ್ರು" ಅಂದರು. ರಿಜಿಸ್ಟರ್ ತೆಗೆದರು. ಬೆಳಿಗ್ಗೆ ಬರೆದುಕೊಂಡಿದ್ದ ಗುರುತಿನ ಚೀಟಿಯ ಕೊನೆಯ ನಾಲ್ಕು ಅಂಕಿ ನನ್ನದಲ್ಲ. ಯಾರೋ ಹುಡುಗ ಸೈಕಲ್ಲಿನಲ್ಲಿ ಹೋಗಿ ಅವರನ್ನು ಕರೆದುಕೊಂಡು ಬಂದ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ಬೆರಳಿನ ಶಾಯಿ ಕಪ್ಪಾಗಿತ್ತು. ಅಂಕಿ ತಾಳೆಯಾಯಿತು. ನಸುಕಿನ ಗಡಿಬಿಡಿಯಲ್ಲಿ ಗೆರೆ ತಪ್ಪು ಸಾಲಿಗೆ ಬಿದ್ದಿತ್ತು. ಅಧಿಕಾರಿ ಅದನ್ನು ತಿದ್ದಿ, ಬರೆದು, ಸಹಿ ಹಾಕಿದರು.

ನನ್ನ ಬೆರಳಿಗೂ ಶಾಯಿ ಬಿತ್ತು. ಮೈಸೂರಿನ ಕಾರ್ಖಾನೆಯದು, 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಟ್ಟಿಸಿದ್ದು. 1962ರಿಂದ ದೇಶದ ಚುನಾವಣೆಗೆಲ್ಲ ಅಲ್ಲಿಯದೇ ಶಾಯಿ. ಟಿವಿಯವರು ಸಿನಿಮಾದವರ ಬೆರಳನ್ನೇ ಹತ್ತು ಸಲ ತೋರಿಸುತ್ತಾರೆ, ಅದು ಬೇರೆ ಮಾತು. ಗುಂಡಿ ಒತ್ತಿದೆ. ಗಾಜಿನ ಹಿಂದೆ ಚೀಟಿ ಏಳು ಸೆಕೆಂಡು ನಿಂತು ಬಿತ್ತು. ಉದ್ದಕ್ಕೆ 'ಬೀಪ್' ಅಂತು.

ಹೊರಗೆ ಬಂದರೆ ಅವರು ಬೇವಿನ ಮರದ ಕೆಳಗೆ ಕಾಯುತ್ತಿದ್ದರು. "ನನ್ನಿಂದ ನಿಮಗೆ ತೊಂದ್ರೆ ಆಯ್ತು" ಅಂತ ಟೀ ಕುಡಿಸಿದರು. ಫೋನ್ ನಂಬರ್ ಕೇಳಿದರು. ಅವರ ಫೋನಿನಲ್ಲಿ ಆಗಲೇ ಮಂಜ ಹಾಲು, ಮಂಜ ಮೋಟಾರು, ಮಂಜ ಎಲ್‌ಐಸಿ, ಮಂಜ ಭಾವ ಎಲ್ಲ ಇದ್ದರು. ಒಂದು ಬೆರಳಲ್ಲಿ ನಿಧಾನಕ್ಕೆ ಒತ್ತಿ 'ಮಂಜ ವೋಟು' ಅಂತ ಸೇರಿಸಿಕೊಂಡರು.

ನಾನೂ ಅವರ ನಂಬರ್ ಹಾಕಿಕೊಂಡೆ. ಏನಂತ ಬರೆಯಲಿ ಅಂತ ಸ್ವಲ್ಪ ಹೊತ್ತು ಯೋಚನೆ ಮಾಡಿದೆ. ಆಮೇಲೆ 'ಇನ್ನೊಬ್ಬ ಮಂಜಣ್ಣ' ಅಂತ ಬರೆದೆ.