ಅಲ್ಬೈಸಿನ್‌ನಲ್ಲಿ ಕಾರು ಎಲ್ಲಿ ನಿಲ್ಲಿಸೋದು ಅಂತ ಕೇಳುವವರಿಗೆ

"ಅಲ್ಬೈಸಿನ್ ಹತ್ರ ಕಾರ್ ನಿಲ್ಲಿಸೋಕೆ ಎಲ್ಲಾದ್ರೂ ಜಾಗ ಇದೆಯಾ?" ಸ್ಪೇನಿನ ಗ್ರನಾಡಾ ನೋಡಲು ಬರುವ ಕನ್ನಡದವರು ನನ್ನನ್ನು ಮೊದಲು ಕೇಳುವುದೇ ಇದನ್ನು. ನಾನು ಈ ಊರಲ್ಲೇ ಇರುವುದರಿಂದ ಸ್ನೇಹಿತರು, ಅವರ ಸ್ನೇಹಿತರು, ಅಣ್ಣನ ಆಫೀಸಿನವರು, ಎಲ್ಲರೂ ನನಗೇ ಫೋನ್ ಮಾಡುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಇಲ್ಲಿ ಬರೆದುಬಿಡುತ್ತೇನೆ.

ಜಾಗ ಇಲ್ಲ. ಒಳಗೆ ಬರಲು ನಿಮ್ಮ ಕಾರಿಗೆ ಅನುಮತಿಯೇ ಇಲ್ಲ.

ಅಲ್ಬೈಸಿನ್ ಅನ್ನುವುದು ಗ್ರನಾಡಾದ ಹಳೆಯ ಕೇರಿ, ಇರುವುದು ಅಲ್ಹಂಬ್ರಾ ಅರಮನೆಯ ಎದುರಿನ ಗುಡ್ಡದ ಮೇಲೆ. ನಡುವೆ ದಾರೋ ನದಿ. ಮುಸ್ಲಿಂ ದೊರೆಗಳ ಕಾಲದ ಓಣಿಗಳು ಇಲ್ಲಿ ಹಾಗೇ ಉಳಿದಿವೆ. 1994ರಲ್ಲಿ ಯುನೆಸ್ಕೋ ಇದನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಒಳಗೆ ಹೋಗುವ ರಸ್ತೆಗಳಲ್ಲಿ ಕ್ಯಾಮೆರಾ ಇವೆ. ಅಲ್ಲಿ ವಾಸ ಇರುವವರು, ಟ್ಯಾಕ್ಸಿಗಳು, ಸಣ್ಣ ಬಸ್ಸುಗಳು ಹೋಗಬಹುದು. ನೀವು ಒಳಗಿನ ಹೋಟೆಲಿನಲ್ಲಿ ಇಳಿದುಕೊಂಡಿದ್ದರೆ, ಹೋಟೆಲಿನವರು ನಿಮ್ಮ ಕಾರಿನ ನಂಬರನ್ನು ನಗರಸಭೆಗೆ ಕೊಟ್ಟಿರಬೇಕು. ಇಲ್ಲದಿದ್ದರೆ ದಂಡದ ಪತ್ರ ಬಾಡಿಗೆ ಕಾರಿನ ಕಂಪನಿಗೆ ಹೋಗುತ್ತದೆ. ಅವರು ತಮ್ಮ ಶುಲ್ಕವನ್ನೂ ಸೇರಿಸಿ ನಿಮ್ಮ ಕಾರ್ಡಿನಿಂದ ಎಳೆದುಕೊಳ್ಳುತ್ತಾರೆ.

ಇಷ್ಟು ಹೇಳಿದ ಮೇಲೂ ಇನ್ನೊಂದು ಮಾತು ಬರುತ್ತದೆ. "ಹತ್ತೇ ನಿಮಿಷ. ಮೇಲೆ ಹೋಗಿ ಫೋಟೋ ತಗೊಂಡು ಬಂದುಬಿಡ್ತೀವಿ." ನನಗೆ ಸಿಟ್ಟು ಬರುವುದು ಈ ಮಾತಿಗೆ. ಅದು ಜನ ಬದುಕುತ್ತಿರುವ ಜಾಗ. ವಯಸ್ಸಾದವರು ಜಾಸ್ತಿ. ನೀವು ಹತ್ತು ನಿಮಿಷ ಅಡ್ಡ ನಿಲ್ಲಿಸುವ ಓಣಿಯಲ್ಲೇ ಅವರ ಆಂಬುಲೆನ್ಸ್ ಬರಬೇಕು, ಗ್ಯಾಸ್ ಸಿಲಿಂಡರ್ ಬರಬೇಕು.

ಪರಿಚಯದ ಒಂದು ಕುಟುಂಬ ಮಾಲಗಾ ವಿಮಾನ ನಿಲ್ದಾಣದಲ್ಲಿ ಏಳು ಸೀಟಿನ ಕಾರು ಬಾಡಿಗೆಗೆ ತೆಗೆದುಕೊಂಡು ಬಂತು. ನಾನು ಎಷ್ಟು ಹೇಳಿದರೂ ಮನೆಯ ಯಜಮಾನರು ಫೋನಿನ ಮ್ಯಾಪ್ ನಂಬಿ ಗುಡ್ಡ ಹತ್ತಿಸಿದರು. ಒಂದು ತಿರುವಿನಲ್ಲಿ ಕಾರು ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಎರಡೂ ಕಡೆ ಬಿಳಿ ಗೋಡೆ. ನಾನು ಓಡಿ ಹೋಗುವ ಹೊತ್ತಿಗೆ ಅಕ್ಕಪಕ್ಕದ ಮನೆಯವರು ಹೊರಗೆ ಬಂದಿದ್ದರು. ಒಬ್ಬರು ಕಾರಿನ ಕನ್ನಡಿ ಮಡಚಿದರು, ಇನ್ನೊಬ್ಬರು ಕೈ ಸನ್ನೆ ಮಾಡುತ್ತಾ ಇಂಚಿಂಚಾಗಿ ಹಿಂದಕ್ಕೆ ಕರೆದರು. ಹಿಂದಿನ ಸೀಟಿನಲ್ಲಿದ್ದ ಅಜ್ಜಿಯನ್ನು ಇಳಿಸಿ, ಒಬ್ಬ ಹೆಂಗಸು ತನ್ನ ಮನೆಯಿಂದ ಕುರ್ಚಿ ತಂದು ಕೂರಿಸಿದಳು. ಯಾರೂ ಬೈಯಲಿಲ್ಲ. ನನಗಂತೂ ತಲೆ ಎತ್ತಲು ಆಗಲಿಲ್ಲ.

ಅಜ್ಜಿ ಕೋಲಾರದ ಕಡೆಯವರು. ಕಾರಿನ ಗಲಾಟೆ ಅವರಿಗೆ ಬೇಕಿರಲಿಲ್ಲ. ಸುತ್ತ ನೋಡಿ ನನ್ನನ್ನು ಕೇಳಿದರು: "ಏನಮ್ಮಾ, ಇಷ್ಟು ಎತ್ತರದಾಗೆ ಮನೆ ಕಟ್ಟವ್ರೆ, ನೀರಿಗೇನು ಮಾಡ್ತಿದ್ರು?"

ಇಷ್ಟು ಜನರಲ್ಲಿ ಇದನ್ನು ಕೇಳಿದವರು ಅವರೊಬ್ಬರೇ. ಅವರಿಗೆ ಹೇಳಿದ್ದನ್ನು ನಿಮಗೂ ಹೇಳುತ್ತೇನೆ.

ಗ್ರನಾಡಾದ ಉತ್ತರಕ್ಕೆ ಅಲ್ಫಾಕಾರ್ ಅನ್ನುವ ಹಳ್ಳಿ ಇದೆ. ಅಲ್ಲೊಂದು ದೊಡ್ಡ ಬುಗ್ಗೆ. 11ನೇ ಶತಮಾನದಲ್ಲಿ ಅಲ್ಲಿಂದ ಈ ಗುಡ್ಡದವರೆಗೆ ಐನಾದಮಾರ್ ಎಂಬ ಕಾಲುವೆ ತೋಡಿದರು. ಬೆಟ್ಟದ ಮೈಯನ್ನು ಬಳಸಿಕೊಂಡು, ಬರೀ ಇಳಿಜಾರಿನ ಲೆಕ್ಕದಲ್ಲಿ ನೀರು ತಾನಾಗಿ ಹರಿದು ಬರುವಂತೆ ಮಾಡಿದರು. ಬಂದ ನೀರು ನೆಲದಡಿಯ ಇಟ್ಟಿಗೆಯ ತೊಟ್ಟಿಗಳಿಗೆ ಇಳಿಯುತ್ತಿತ್ತು. ಬಿಸಿಲು ಬೀಳದಂತೆ ಮೇಲೆ ಕಮಾನಿನ ಚಾವಣಿ. ಇವಕ್ಕೆ ಅಲ್ಹೀಬೆ ಅನ್ನುತ್ತಾರೆ. ಅಲ್ಬೈಸಿನ್‌ನಲ್ಲಿ ಈಗಲೂ 20ಕ್ಕೂ ಹೆಚ್ಚು ಉಳಿದಿವೆ. ಎಲ್ಲಕ್ಕಿಂತ ದೊಡ್ಡದು ಅಲ್ಹೀಬೆ ದೆಲ್ ರೇ. ಅದರಲ್ಲಿ ಸುಮಾರು 3 ಲಕ್ಷ ಲೀಟರ್ ನೀರು ಹಿಡಿಯುತ್ತದೆ. ಎದುರಿನ ಅಲ್ಹಂಬ್ರಾಗೆ ಈ ನೀರು ಹೋಗುತ್ತಿರಲಿಲ್ಲ. ದೊರೆಗಳು ದಾರೋ ನದಿಯಿಂದ ಬೇರೆಯೇ ಕಾಲುವೆ ಮಾಡಿಸಿಕೊಂಡಿದ್ದರು.

ನಮಾಜಿಗೆ ಮೊದಲು ಕೈಕಾಲು ತೊಳೆಯಬೇಕಲ್ವಾ, ಹಾಗಾಗಿ ಮಸೀದಿಯ ಪಕ್ಕದಲ್ಲಿ ತೊಟ್ಟಿ ಇರುತ್ತಿತ್ತು. ಕೇರಿಯವರೂ ಅಲ್ಲಿಂದಲೇ ಸೇದಿಕೊಳ್ಳುತ್ತಿದ್ದರು. 1492ರಲ್ಲಿ ಗ್ರನಾಡಾ ಕ್ರೈಸ್ತ ದೊರೆಗಳ ಕೈಗೆ ಬಂತು. ಮಸೀದಿಗಳು ಚರ್ಚ್ ಆದವು. ಇಲ್ಲಿನ ಮುಸ್ಲಿಮರನ್ನು ಒತ್ತಾಯದಿಂದ ಮತ ಬದಲಿಸಿದರು. 1568ರಲ್ಲಿ ಅವರ ದಂಗೆ ಶುರುವಾಯಿತು. ಆ ಹೊತ್ತಿನಲ್ಲೇ ಅವರನ್ನು ಊರು ಬಿಡಿಸಿ ಕಳಿಸಿದರು. ಕಾಲುವೆ ಕಟ್ಟಿದವರ ಮಕ್ಕಳು ಮೊಮ್ಮಕ್ಕಳು ಹೋದರು. ತೊಟ್ಟಿಗಳನ್ನು ಮಾತ್ರ ಯಾರೂ ಒಡೆಯಲಿಲ್ಲ, ಯಾಕೆಂದರೆ ಆಮೇಲೆ ಬಂದವರಿಗೂ ಬಾಯಾರಿಕೆ ಇತ್ತು. 20ನೇ ಶತಮಾನದವರೆಗೂ ಜನ ಇವುಗಳ ನೀರು ಕುಡಿದಿದ್ದಾರೆ.

ಅಜ್ಜಿ ಪೂರ್ತಿ ಕೇಳಿಸಿಕೊಂಡರು. "ಹೂಳು ಯಾರು ತೆಗೀತಿದ್ರು?" ಅಂತ ಮರುಪ್ರಶ್ನೆ ಹಾಕಿದರು. ಕೆರೆ ನೋಡಿ ಬೆಳೆದವರು ಕೇಳುವ ಪ್ರಶ್ನೆ ಅದು.

ಸಾನ್ ನಿಕೋಲಾಸ್ ಚೌಕದಲ್ಲಿ ದಿನಾ ಸಂಜೆ ನೂರಾರು ಜನ ಅಲ್ಹಂಬ್ರಾದ ಫೋಟೋ ತೆಗೆಯುತ್ತಾರೆ. ಅವರ ಬೆನ್ನ ಹಿಂದೆಯೇ ಒಂದು ಅಲ್ಹೀಬೆ ಇದೆ. ಅದರ ಮೇಲೆ ಬ್ಯಾಗ್ ಇಟ್ಟವರನ್ನು ನೋಡಿದ್ದೇನೆ, ಬಗ್ಗಿ ನೋಡಿದವರು ಬಹಳ ಕಡಿಮೆ.

ಈಗ ಕಾರಿನ ವಿಷಯ ಮುಗಿಸುತ್ತೇನೆ. ಕೆಳಗೆ ತ್ರಿಯೂನ್ಫೋ ತೋಟದ ಬಳಿ ದುಡ್ಡು ಕೊಟ್ಟು ನಿಲ್ಲಿಸುವ ನೆಲಮಾಳಿಗೆ ಪಾರ್ಕಿಂಗ್ ಇದೆ. ಅಲ್ಲಿಂದ ಎಲ್ವಿರಾ ಬಾಗಿಲು ಎಂಬ ಹಳೆಯ ಕೋಟೆ ಬಾಗಿಲು ಪಕ್ಕದಲ್ಲೇ, ಅಲ್ಲಿಂದ ಅಲ್ಬೈಸಿನ್‌ಗೆ ನಡೆದು ಹತ್ತಬಹುದು. ಇಲ್ಲವೇ ಊರೊಳಗೆ ಬರದೆ, ರೋಂಡಾ ಸೂರ್ ಹೊರವರ್ತುಲ ರಸ್ತೆ ಹಿಡಿದು ಅಲ್ಹಂಬ್ರಾದ ಮೇಲ್ಗಡೆ ಇರುವ ದೊಡ್ಡ ಪಾರ್ಕಿಂಗ್‌ಗೆ ಹೋಗಿ. ಅರಮನೆ ನೋಡಿ, ಕ್ವೆಸ್ತಾ ದೆ ಲೋಸ್ ಚೀನೋಸ್ ಎಂಬ ಕಾಲುದಾರಿಯಲ್ಲಿ ನದಿಗೆ ಇಳಿದರೆ ಎದುರಿಗೇ ಅಲ್ಬೈಸಿನ್. ಕಾರಿನಲ್ಲಿ ಬ್ಯಾಗ್ ಕಾಣುವಂತೆ ಬಿಡಬೇಡಿ.

ಮಂಡಿ ನೋವಿನವರು ಕೆಳಗಿನ ಪ್ಲಾಸಾ ನ್ವೇವಾ ಚೌಕದಿಂದ ಸಿ31 ಸಣ್ಣ ಬಸ್ಸು ಹತ್ತಿ ಮೇಲೆ ಬನ್ನಿ. ದಾರಿಗೆಲ್ಲ ಉರುಟು ಕಲ್ಲು ಹಾಸಿದ್ದಾರೆ, ಮಳೆ ಬಂದರೆ ಜಾರುತ್ತದೆ, ಚಪ್ಪಲಿ ಬೇಡ. ಮೊದಲು ಸಾನ್ ಸಾಲ್ವಡೋರ್ ಚರ್ಚಿಗೆ ಹೋಗಿ. ಹಳೆಯ ದೊಡ್ಡ ಮಸೀದಿಯ ಅಂಗಳ, ಅದರ ತೊಟ್ಟಿ ಎರಡೂ ಅಲ್ಲಿ ಉಳಿದಿವೆ. ಅಲ್ಲಿಂದ ಸಾನ್ ನಿಕೋಲಾಸ್, ಆಮೇಲೆ ಅಲ್ಹೀಬೆ ದೆಲ್ ರೇ. ಅದರ ಒಳಗೆ ಬಿಡುವುದು ಕೆಲವು ಗಂಟೆ ಮಾತ್ರ, ಸಮಯ ವಿಚಾರಿಸಿಕೊಂಡು ಬನ್ನಿ. ಅರ್ಧ ದಿನವಾದರೂ ಇಟ್ಟುಕೊಳ್ಳಿ.