ಚರ್ಚಲ್ಲಿ ಒಂದು ಸಲ ಒಪ್ಪಿದ ಮೇಲೆ ಮತ್ತೆ ಯಾಕೆ ಕೇಳಬೇಕು?

ಮದುವೆ ಗೊತ್ತಾದ ಜೋಡಿಗಳ ಜೊತೆ ಕೂತು ಮಾತಾಡುವ ಕೆಲಸವನ್ನು ನಮ್ಮ ಚರ್ಚಿನ ಸಭೆಯವರು ನನಗೂ ನಮ್ಮ ಯಜಮಾನರಿಗೂ ಒಪ್ಪಿಸಿ 11 ವರ್ಷವಾಯಿತು. ಕೋಲಾರದ ನಮ್ಮ ಮನೆಯ ಊಟದ ಮೇಜೇ ತರಗತಿ. ಒಂದು ಜೋಡಿಗೆ ಮೂರು ಶನಿವಾರ. ಇಷ್ಟು ವರ್ಷದಲ್ಲಿ ಎಲ್ಲಕ್ಕಿಂತ ಜಾಸ್ತಿ ಕೇಳಿಸಿಕೊಂಡ ಪ್ರಶ್ನೆ ಒಂದಿದೆ. ಹುಡುಗರು ಎದುರಿಗೇ ಕೇಳುತ್ತಾರೆ. ಹುಡುಗಿಯರು ಲೋಟ ತೊಳೆಯುವ ನೆಪದಲ್ಲಿ ಅಡುಗೆಮನೆಗೆ ಬಂದು ಮೆಲ್ಲಗೆ ಕೇಳುತ್ತಾರೆ. "ಆಂಟಿ, ಚರ್ಚಲ್ಲಿ ಎಲ್ಲರ ಮುಂದೆ ಒಪ್ಪಿದ್ದೇನೆ ಅಂತ ಹೇಳಿಯಾಗಿರುತ್ತಲ್ವಾ? ಆಮೇಲೂ ಗಂಡ ಹೆಂಡ್ತಿ ಒಬ್ಬರನ್ನೊಬ್ಬರು ಒಪ್ಪಿಗೆ ಕೇಳಬೇಕಾ?"

ಕೇಳಬೇಕು. ಹಾಸಿಗೆಯ ವಿಷಯಕ್ಕೂ ಕೇಳಬೇಕು. ಇದು ನನ್ನ ಉತ್ತರ. ಆದರೆ ಬೇಕಿಲ್ಲ ಅನ್ನುವವರೂ ಬೈಬಲ್ಲನ್ನೇ ತೆಗೆದು ತೋರಿಸುತ್ತಾರೆ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳಬೇಕು.

ಚರ್ಚಲ್ಲಿ ಹೇಳುವ ಆ ಮಾತಿನಿಂದಲೇ ಶುರು ಮಾಡುತ್ತೇನೆ. ನನ್ನನ್ನು ನೋಡಲು ಬಂದಾಗ ನನಗೆ 22 ವರ್ಷ. ಕಾಫಿ ಕೊಟ್ಟು ಒಳಗೆ ಬಂದೆ. ಹಾಲ್‌ನಲ್ಲಿ ಯಾರೋ "ಹುಡುಗಿ ಏನಂತಾಳೆ?" ಅಂದರು. "ಅವಳದೇನಿದೆ, ನಾವು ಹೇಳಿದ ಹಾಗೆ" ಅಂತ ದೊಡ್ಡಮ್ಮ ಹೇಳಿದ್ದು ಅಡುಗೆಮನೆವರೆಗೂ ಕೇಳಿಸಿತು. ನಿಶ್ಚಿತಾರ್ಥವಾಯಿತು. ಮೂರು ಭಾನುವಾರ ಚರ್ಚಲ್ಲಿ ನಮ್ಮ ಮದುವೆ ಪ್ರಕಟಣೆ ಓದಿದರು. ಸೀರೆ ತಂದರು, ತಾಳಿ ಮಾಡಿಸಿದರು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದು ಮದುವೆ ದಿನ, ನಮ್ಮ ಚರ್ಚಿನ ಪಾದ್ರಿ ಅಯ್ಯನವರು. ನಾನು ಬಾಯೊಳಗೇ ಏನೋ ಅಂದೆ. ಅವರು ಮುಂದಿನ ಸಾಲಿಗೆ ಹೋಗಲಿಲ್ಲ. ಪುಸ್ತಕದೊಳಗೆ ಬೆರಳಿಟ್ಟು ಮುಚ್ಚಿದರು. ನನ್ನ ಕಡೆ ಸ್ವಲ್ಪ ಬಗ್ಗಿ, "ಜೋರಾಗಿ ಹೇಳಮ್ಮ. ನಿನ್ನ ಬದಲು ಬೇರೆ ಯಾರೂ ಹೇಳೋ ಹಾಗಿಲ್ಲ" ಅಂದರು. ಇಡೀ ಚರ್ಚು ಸುಮ್ಮನೆ ಕಾಯುತ್ತಿತ್ತು. ತಲೆಯೆತ್ತಿ ಇವರ ಮುಖ ನೋಡಿದೆ. ಹೇಳಿದೆ.

ಅಯ್ಯನವರು ಆ ದಿನ ಹೇಳಿದ್ದು ಚರ್ಚಿನ ಬಹಳ ಹಳೆಯ ಮಾತು. 866ರಲ್ಲಿ ಪೋಪ್ ಒಂದನೇ ನಿಕೋಲಸ್ ಬಲ್ಗೇರಿಯಾದವರ ಪ್ರಶ್ನೆಗಳಿಗೆ ಉತ್ತರ ಬರೆದರು. ಮಿಕ್ಕ ಶಾಸ್ತ್ರವೆಲ್ಲ ನಡೆದರೂ ಹುಡುಗ ಹುಡುಗಿಯ ಒಪ್ಪಿಗೆ ಒಂದಿಲ್ಲದಿದ್ದರೆ ನಡೆದದ್ದೆಲ್ಲ ವ್ಯರ್ಥ ಅಂತ ಅದರಲ್ಲಿ ಹೇಳಿದ್ದಾರೆ. ಕ್ಯಾಥೊಲಿಕರ 1983ರ ಚರ್ಚ್ ಕಾನೂನಿನ 1057ನೇ ವಿಧಿಯೂ ಅದನ್ನೇ ಹೇಳುತ್ತದೆ. ಮದುವೆ ಆಗುವುದು ಇಬ್ಬರ ಒಪ್ಪಿಗೆಯಿಂದ, ಆ ಒಪ್ಪಿಗೆಯನ್ನು ಅವರ ಪರವಾಗಿ ಕೊಡುವ ಶಕ್ತಿ ಬೇರೆ ಯಾವ ಮನುಷ್ಯನಿಗೂ ಇಲ್ಲ. ನಮ್ಮ ದೇಶದ ಕಾನೂನೂ ದೂರವಿಲ್ಲ. ಬಲವಂತದಿಂದಲೋ ಮೋಸದಿಂದಲೋ ಒಪ್ಪಿಗೆ ಪಡೆದಿದ್ದರೆ ಆ ಮದುವೆಯೇ ಅಸಿಂಧು ಅಂತ ಘೋಷಿಸಲು 1869ರ ವಿಚ್ಛೇದನ ಕಾಯ್ದೆಯ 19ನೇ ಸೆಕ್ಷನ್ ದಾರಿ ಬಿಟ್ಟಿದೆ.

"ಬೈಬಲ್ಲಲ್ಲಿ ಅಪ್ಪ ಅಮ್ಮನೇ ಗೊತ್ತು ಮಾಡ್ತಿದ್ರಲ್ವಾ?" ಅಂತ ಹಿರಿಯರು ಕೇಳುತ್ತಾರೆ. ಹೌದು. ಆದರೂ ಬೈಬಲ್ಲಿನ ಮೊದಲ ಪುಸ್ತಕ ಆದಿಕಾಂಡದ 24ನೇ ಅಧ್ಯಾಯವನ್ನು ಕೊನೆವರೆಗೆ ಓದಿ. ಅಬ್ರಹಾಮನ ಸೇವಕ ಯಜಮಾನನ ಮಗ ಇಸಾಕನಿಗೆ ರೆಬೆಕ್ಕಳನ್ನು ಕೇಳಿದ್ದಾನೆ. ಅಣ್ಣ ಲಾಬಾನ, ಅಪ್ಪ ಬೆತುವೇಲ ಒಪ್ಪಿದ್ದಾರೆ. ಒಡವೆ, ಬಟ್ಟೆ ಕೊಟ್ಟಾಗಿದೆ. ಮಾರನೆಯ ಬೆಳಿಗ್ಗೆ ಅವನು ಹೊರಡುವ ಆತುರದಲ್ಲಿದ್ದಾನೆ, ಮನೆಯವರು ಇನ್ನು ಹತ್ತು ದಿನವಾದರೂ ಇರಲಿ ಅನ್ನುತ್ತಾರೆ. ಆಗ ರೆಬೆಕ್ಕಳನ್ನೇ ಕರೆದು, ಈ ಮನುಷ್ಯನ ಜೊತೆ ಹೋಗುತ್ತೀಯಾ ಅಂತ ಕೇಳುತ್ತಾರೆ. ಅವಳ ಉತ್ತರ ಹೀಬ್ರೂವಿನಲ್ಲಿ ಒಂದೇ ಪದ, ಕನ್ನಡದಲ್ಲೂ ಒಂದೇ ಪದ: ಹೋಗುತ್ತೇನೆ. ಅವಳನ್ನು ಕೇಳಿದ್ದು ಎಲ್ಲ ಮುಗಿಯುತ್ತಾ ಬಂದ ಮೇಲೆ, ಅದು ನಿಜ. ನನಗೆ ಅದು ಸಾಕು ಅನಿಸುವುದಿಲ್ಲ. ಆದರೂ ಕೇಳಿದರು. ಅವಳ ಬಾಯಿಂದ ಆ ಪದ ಬಂದ ಮೇಲೇ ಒಂಟೆಗಳು ಹೊರಟವು.

ಇದು ಮದುವೆಗೆ ಮುಂಚಿನ ಮಾತಾಯಿತು. ಪ್ರಶ್ನೆ ಇದ್ದದ್ದು ಆಮೇಲಿನದು.

ಕಳೆದ ವರ್ಷ ಒಂದು ಜೋಡಿ ಬಂದಿತ್ತು. ಹುಡುಗ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಹುಡುಗಿ ನರ್ಸಿಂಗ್ ಕೊನೆಯ ವರ್ಷ, ಕೆ.ಜಿ.ಎಫ್. ಕಡೆಯವಳು. ಒಳ್ಳೆಯ ಹುಡುಗ. ತನ್ನ ತಾತನ ಬೈಬಲ್ಲನ್ನು ಕವರ್‌ನಲ್ಲಿ ಸುತ್ತಿ ತಂದಿದ್ದ. ಒಪ್ಪಿಗೆಯ ಮಾತು ಬಂದ ಕೂಡಲೇ, "ಆಂಟಿ, ಇಲ್ಲಿ ನೋಡಿ" ಅಂತ ಅಪೊಸ್ತಲ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ, ಅಂದರೆ ಬೈಬಲ್ಲಿನಲ್ಲಿರುವ ಪತ್ರದ, 7ನೇ ಅಧ್ಯಾಯ ತೆಗೆದ. ನಾಲ್ಕನೇ ವಚನದ ಕೆಳಗೆ ಕೆಂಪು ಗೆರೆ ಇತ್ತು. ಹೆಂಡತಿಯ ಮೈಮೇಲೆ ಅಧಿಕಾರ ಅವಳದಲ್ಲ, ಗಂಡನದು ಅನ್ನುವವರೆಗೆ ಎಳೆದು ಗೆರೆ ನಿಂತಿತ್ತು. ವಚನ ಅಲ್ಲಿಗೆ ನಿಂತಿರಲಿಲ್ಲ. ಉಳಿದ ಅರ್ಧವನ್ನು ಗಟ್ಟಿಯಾಗಿ ಓದಪ್ಪ ಅಂದೆ. ಓದಿದ. ಹಾಗೆಯೇ ಗಂಡನ ಮೈಮೇಲೆ ಅಧಿಕಾರ ಅವನದಲ್ಲ, ಹೆಂಡತಿಯದು. ಇನ್ನೊಂದು ಸಲ ತನ್ನಷ್ಟಕ್ಕೇ ಓದಿಕೊಂಡ. "ಇದನ್ನ ಯಾರೂ ಹೇಳಿರಲಿಲ್ಲ ಆಂಟಿ" ಅಂದ.

ಈ ಅರ್ಧ ವಚನ ಎಷ್ಟು ದೊಡ್ಡದು ಅಂತ ನಮಗೆ ಈಗ ಗೊತ್ತಾಗುವುದಿಲ್ಲ. ಪೌಲ ಇದನ್ನು ಬರೆದದ್ದು ಸುಮಾರು ಕ್ರಿ.ಶ. 55ರಲ್ಲಿ, ಎಫೆಸ ಪಟ್ಟಣದಿಂದ. ಆಗಿನ ರೋಮನ್ ಲೋಕದಲ್ಲಿ ಮನೆಯ ಯಜಮಾನನ ಮಾತೇ ಮಾತು. ಹೆಂಡತಿಯ ಮೇಲೆ ಗಂಡನಿಗೆ ಅಧಿಕಾರ ಇದೆ ಅಂದರೆ ಯಾರಿಗೂ ಆಶ್ಚರ್ಯವಿರಲಿಲ್ಲ. ಗಂಡನ ಮೇಲೆ ಹೆಂಡತಿಗೂ ಅಷ್ಟೇ ಅಧಿಕಾರ ಅಂದದ್ದು ಹೊಸದು. ಇಬ್ಬರ ಕೈಯಲ್ಲೂ ಒಂದೇ ತೂಕದ ಅಧಿಕಾರ ಇಟ್ಟ ಮೇಲೆ ಯಾರೊಬ್ಬರೂ ಅದನ್ನು ಇನ್ನೊಬ್ಬರ ಮೇಲೆ ಬೀಸಲು ಬರುವುದಿಲ್ಲ. ಕೇಳಲೇಬೇಕಾಗುತ್ತದೆ.

ಐದನೇ ವಚನದಲ್ಲಿ ಪೌಲ ಅದನ್ನು ಬಾಯಿಬಿಟ್ಟೇ ಹೇಳುತ್ತಾನೆ. ಪ್ರಾರ್ಥನೆಗೆಂದು ಸ್ವಲ್ಪ ಕಾಲ ದೂರ ಇರಬೇಕು ಅನಿಸಿದರೆ ಇಬ್ಬರೂ ಒಪ್ಪಿ ಇರಿ, ಆಮೇಲೆ ಮತ್ತೆ ಸೇರಿ. ಇಬ್ಬರೂ ಒಪ್ಪಿ ಅನ್ನುವಲ್ಲಿ ಅವನು ಬಳಸಿದ ಗ್ರೀಕ್ ಪದ ಸಿಂಫೋನೊಸ್. ಸ್ವರ ಕೂಡುವುದು ಅಂತ ಅದರ ಮೂಲ ಅರ್ಥ. ಸಿಂಫನಿ ಅನ್ನುವ ಪದ ಅದೇ ಬೇರಿನಿಂದ ಬಂದದ್ದು. ಈ ವಚನ ಓದುವಾಗಲೆಲ್ಲ ನನಗೆ ಒಂದು ಯೋಚನೆ ಬರುತ್ತದೆ. ಪ್ರಾರ್ಥನೆ ಅಂದರೆ ದೇವರ ಕೆಲಸ. ಅಂಥ ಒಳ್ಳೆಯ ಕಾರಣಕ್ಕೂ ಒಬ್ಬರೇ ತೀರ್ಮಾನ ಮಾಡಬೇಡಿ ಅನ್ನುತ್ತಾನೆ ಪೌಲ. ಈಸ್ಟರ್‌ಗೆ ಮುಂಚಿನ ಲೆಂಟ್ ದಿನಗಳಲ್ಲಿ ಉಪವಾಸ ಹಿಡಿಯುತ್ತೇನೆ, ಬೇರೆ ಮಲಗುತ್ತೇನೆ ಅಂತ ಗಂಡ ತಾನೇ ನಿರ್ಧರಿಸಿ ಹೇಳುವ ಹಾಗಿಲ್ಲ. ದೇವರ ಹೆಸರಿಗೇ ಒಪ್ಪಿಗೆ ಬೇಕು ಅಂದ ಮೇಲೆ, ಕುಡಿದು ಬಂದ ರಾತ್ರಿಗೆ ಬೇಡವಾ? ಹೆರಿಗೆಯಾಗಿ ಹೊಲಿಗೆ ಇನ್ನೂ ಮಾಗಿಲ್ಲ, ಅದಕ್ಕೆ ಬೇಡವಾ? ಅವಳ ಅಪ್ಪ ತೀರಿಕೊಂಡ ತಿಂಗಳಿಗೆ ಬೇಡವಾ?

"ಹಾಗಾದ್ರೆ ಅವಳು ಯಾವಾಗಲೂ ಬೇಡ ಅಂದ್ರೆ?" ಇದು ಹುಡುಗರ ಮುಂದಿನ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಪೌಲ ಇಬ್ಬರಿಗೂ ಹೇಳಿದ್ದಾನೆ, ಒಬ್ಬರನ್ನೊಬ್ಬರು ವಂಚಿಸಬೇಡಿ, ಅಂದರೆ ಸುಮ್ಮಸುಮ್ಮನೆ ದೂರ ಇಡಬೇಡಿ ಅಂತ. ಕೋಪ ತೀರಿಸಿಕೊಳ್ಳಲು ತಿಂಗಳುಗಟ್ಟಲೆ ಮುಖ ತಿರುಗಿಸಿಕೊಂಡು ಮಲಗುವುದು ಯಾರು ಮಾಡಿದರೂ ತಪ್ಪು. ಆದರೆ ಬೇಡ ಅನ್ನುವುದರ ಹಿಂದೆ ಏನಿದೆ ಅಂತ ಮೊದಲು ಕೇಳಿ. ನೋವಿರಬಹುದು, ಹೇಳಲು ನಾಚಿಕೆ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಹಾಲು ಕರೆದು ಡೇರಿಗೆ ಹಾಕಿ, ಅಡುಗೆ ಮುಗಿಸಿ, ಗಾರ್ಮೆಂಟ್ಸ್ ಬಸ್ಸು ಹತ್ತುವ ಹೆಂಗಸು ರಾತ್ರಿ ಹತ್ತಕ್ಕೆ ಹೇಗಿರುತ್ತಾಳೆ? ಕೆಲವೊಮ್ಮೆ ಡಾಕ್ಟರ್ ಹತ್ತಿರ ಹೋದರೆ ಸರಿಹೋಗುತ್ತದೆ. ಕೆಲವೊಮ್ಮೆ ಗಂಡ ಪಾತ್ರೆ ತೊಳೆದರೆ ಸರಿಹೋಗುತ್ತದೆ.

ಎಫೆಸದವರಿಗೆ ಬರೆದ ಪತ್ರಿಕೆಯ 5ನೇ ಅಧ್ಯಾಯದಲ್ಲಿ ಹೆಂಡತಿಯರು ಅಧೀನರಾಗಿರಬೇಕು ಅಂತಿದೆಯಲ್ಲ ಅಂತಲೂ ಕೇಳುತ್ತಾರೆ. ಅದು 22ನೇ ವಚನ. ಅದರ ಹಿಂದಿನ 21ನೇ ವಚನದಲ್ಲಿ ಒಬ್ಬರಿಗೊಬ್ಬರು ಅಧೀನರಾಗಿರಿ ಅಂತಿದೆ. ಬಹಳ ಹಳೆಯ ಕೆಲವು ಗ್ರೀಕ್ ಪ್ರತಿಗಳಲ್ಲಿ 22ರಲ್ಲಿ ಕ್ರಿಯಾಪದವೇ ಇಲ್ಲ, 21ರದ್ದೇ ಮುಂದುವರಿಯುತ್ತದೆ. ಗಂಡಂದಿರಿಗೆ 25ರಲ್ಲಿ ಹೇಳಿರುವುದು ಇನ್ನೂ ಕಷ್ಟದ್ದು: ಕ್ರಿಸ್ತ ಸಭೆಗಾಗಿ ತನ್ನನ್ನೇ ಕೊಟ್ಟುಕೊಂಡ ಹಾಗೆ ಪ್ರೀತಿಸಿ. ಕ್ರಿಸ್ತ ಯಾರನ್ನು ಬಲವಂತ ಮಾಡಿದ, ಹೇಳಿ?

ಬಲವಂತ ಅನುಭವಿಸುತ್ತಿರುವ ಅಕ್ಕತಂಗಿಯರಿಗೆ ಒಂದು ಮಾತು. ಹದಿನೆಂಟು ದಾಟಿದ ಹೆಂಡತಿಯ ಮೇಲೆ ಗಂಡ ಮಾಡುವ ಬಲಾತ್ಕಾರವನ್ನು ಭಾರತೀಯ ನ್ಯಾಯ ಸಂಹಿತೆಯ 63ನೇ ಸೆಕ್ಷನ್ ಅತ್ಯಾಚಾರದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ನನಗೆ ಇದು ಒಪ್ಪಿಗೆಯಿಲ್ಲ. ಆದರೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಲೈಂಗಿಕ ದೌರ್ಜನ್ಯವೂ ಸೇರಿದೆ. ಹೆಂಡತಿ ರಕ್ಷಣೆ ಕೇಳಬಹುದು. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ಪ್ರಾರ್ಥನೆ ಮಾಡಿ ಸಹಿಸಿಕೋ ಅಂತ ಯಾರಾದರೂ ಹೇಳಿದರೆ ಅದನ್ನು ದೇವರ ಮಾತು ಅಂದುಕೊಳ್ಳಬೇಡಿ. ನಾನೂ ಮೊದಲ ವರ್ಷ ಒಬ್ಬಳಿಗೆ ಹಾಗೇ ಹೇಳಿ ಕಳಿಸಿದ್ದೆ. ಎರಡು ತಿಂಗಳಾದ ಮೇಲೆ ಅವಳ ಮುಂದೆ ಕೂತು ಕ್ಷಮೆ ಕೇಳಿದೆ.

ಆ ನರ್ಸಿಂಗ್ ಹುಡುಗಿಯ ವಿಷಯ ಹೇಳುವುದು ಉಳಿಯಿತು. ಮೂರನೇ ಶನಿವಾರ ಅವಳು ಅಡುಗೆಮನೆಗೆ ಬಂದಳು. ಲೆಂಟ್ ಶುರುವಾದರೆ ಮದುವೆ ಮಾಡುವ ಹಾಗಿಲ್ಲ ಅಂತ ಮನೆಯವರು ಜನವರಿಗೇ ದಿನ ಇಟ್ಟಿದ್ದರು. ಅವಳ ಕೊನೆಯ ಪರೀಕ್ಷೆ ಫೆಬ್ರವರಿಯಲ್ಲಿತ್ತು. "ಈಸ್ಟರ್ ಆದಮೇಲೆ ಇಟ್ಕೊಳ್ಳೋಣ ಅಂದ್ರೆ ತಪ್ಪಾಗುತ್ತಾ ಆಂಟಿ? ಛತ್ರಕ್ಕೆ ಅಡ್ವಾನ್ಸ್ ಕೊಟ್ಟಿದ್ದಾರೆ." ನನಗೆ ಹೇಳಿದ್ದನ್ನೇ ಅವನಿಗೆ ಹೇಳಮ್ಮ ಅಂದೆ. ಅವನು ಗೇಟಿನ ಹತ್ತಿರ ಬೈಕ್ ಸ್ಟಾರ್ಟ್ ಮಾಡಿದ್ದ. ಅವಳು ಕೈ ಒರೆಸಿಕೊಂಡು ಹೊರಗೆ ಹೋದಳು. ಕಿಟಕಿಯಿಂದ ಮಾತು ಕೇಳಿಸಲಿಲ್ಲ. ಅವನು ಬೈಕ್ ಆಫ್ ಮಾಡಿ ಕೆಳಗಿಳಿದು ನಿಂತದ್ದು ಕಾಣಿಸಿತು. ಏಪ್ರಿಲ್ ಕೊನೆಯಲ್ಲಿ ಅವರ ಮದುವೆಗೆ ಹೋಗಿ ಬಂದೆವು.